ಯಂತ್ರ ಹುಸಿ, ಡಿಸ್ಕ್ ನಿಜ

ಪಾರ್ಟಿಷನ್ ಎಂದೊಡನೆ ನಮ್ಮ ಸೀಮೆಯವರಿಗೆ ಜಮೀನಿನ ಭಾಗಪತ್ರ ನೆನಪಾಗುತ್ತದೆ. ಗಣಕಯಂತ್ರದಲ್ಲಿಯೂ ಸಂಗತಿ ಹೆಚ್ಚು ಬೇರೆಯಲ್ಲ. ಒಂದೇ ಹಾರ್ಡ್ ಡಿಸ್ಕನ್ನು ಪಾಲು ಮಾಡಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇರಿಸುವುದುಂಟು. ಯಂತ್ರವನ್ನು ಆರಂಭಿಸುವಾಗ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳ ಕಚೇರಿಗಳಲ್ಲಿ ದುಡಿಯುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೇಳುವುದುಂಟು: “ಮೇಷ್ಟ್ರೇ, ಲೆಕ್ಕಪತ್ರಕ್ಕೂ ಹಳೆಯ ನುಡಿ ಕಡತಗಳಿಗೂ ವಿಂಡೋಸ್ ಬೇಕು, ಕಲಿಕೆಗೆ ಲಿನಕ್ಸ್ ಬೇಕು. ಪ್ರತಿ ಸಲವೂ ಯಂತ್ರವನ್ನು ನಿಲ್ಲಿಸದೆ, ವಿಂಡೋಸ್ ಒಳಗಿನಿಂದಲೇ ಆ ಲಿನಕ್ಸ್ ಪಾಲನ್ನು ನಡೆಸಬಹುದೇ?”

ನಡೆಸಬಹುದು. 2007ರಲ್ಲಿ ಬಂದ, ಈಗ ಒರಾಕಲ್ ಸಂಸ್ಥೆಗೆ ಸೇರಿರುವ ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶವು ಗಣಕದೊಳಗೆ ಇನ್ನೊಂದು ಹುಸಿ ಗಣಕವನ್ನು ಸೃಷ್ಟಿಸುತ್ತದೆ. ಸಾಮಾನ್ಯವಾಗಿ ಆ ಹುಸಿ ಗಣಕದ ಡಿಸ್ಕ್ ಎಂಬುದು ವಿಂಡೋಸ್‌ನಲ್ಲಿರುವ ಒಂದು ದೊಡ್ಡ ಕಡತ ಮಾತ್ರ. ಆದರೆ ನಿಜವಾದ ಡಿಸ್ಕಿನ ಪಾಲನ್ನೇ ಅದಕ್ಕೆ ಒಪ್ಪಿಸಲೂ ಅವಕಾಶವಿದೆ. ಲಿನಕ್ಸ್ ಪ್ರತಿ ಸಲ ಆರಂಭವಾಗುವಾಗಲೂ ಸುತ್ತಲಿನ ಯಂತ್ರಾಂಶವನ್ನು ಹೊಸದಾಗಿ ಗುರುತಿಸುವುದರಿಂದ ಹುಸಿ ಯಂತ್ರಕ್ಕೂ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ವರ್ಷಗಳಿಂದ ರೂಢಿಸಿಕೊಂಡ ಲಿನಕ್ಸ್ ಹಾಗೆಯೇ ಕೈಗೆ ಸಿಗುವುದು ಸಣ್ಣ ಲಾಭವೇನಲ್ಲ.

ಆದರೂ ಕಾರ್ಖಾನೆಯ ಗಣಕದಲ್ಲಿ ಇದನ್ನು ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರ ಹುಸಿಯಾದರೂ ಡಿಸ್ಕ್ ನಿಜ. ಇಡೀ ಡಿಸ್ಕನ್ನು ಒಪ್ಪಿಸಿ, ಒಳಗಿನ ಆಯ್ಕೆಪಟ್ಟಿಯಲ್ಲಿ ಕೈತಪ್ಪಿ ವಿಂಡೋಸನ್ನು ಆರಿಸಿದರೆ, ಓಡುತ್ತಿರುವ ವಿಂಡೋಸ್‌ನ ಪಾಲಿನ ಮೇಲೆಯೇ ಅದರ ಎರಡನೆಯ ಪ್ರತಿಯೂ ಬರೆಯತೊಡಗುತ್ತದೆ. ಒಳಗಿನ ಲಿನಕ್ಸ್ ವಿಂಡೋಸ್ ಪಾಲನ್ನು ತೆರೆದು ಬರೆದರೂ ಅದೇ ಗತಿ. ಒಂದೇ ಹಾಜರಿ ಪುಸ್ತಕದಲ್ಲಿ ಇಬ್ಬರು ಉಪಾಧ್ಯಾಯರು ಒಬ್ಬರನ್ನೊಬ್ಬರು ಅರಿಯದೆ ಬರೆದಂತೆ! ಕಾರ್ಮಿಕರ ಸಂಬಳದ ಲೆಕ್ಕ, ಸರಕಿನ ಬಿಲ್ಲುಗಳು ಎಲ್ಲವೂ ಕೆಡಬಹುದು. ಈ ವಿಧಾನ ಪರಿಣತರಿಗೆ ಮಾತ್ರ ಎಂದು ವರ್ಚುವಲ್‌ಬಾಕ್ಸ್ ಕೈಪಿಡಿಯೇ ಎಚ್ಚರಿಸುತ್ತದೆ.

ಸ್ವಂತ ಗಣಕವಾದರೆ ಪ್ರಯೋಗಿಸಿ, ಬೇಡವೆನ್ನಲಾರೆ. ಮೊದಲು ಎಲ್ಲ ಕಡತಗಳ ನಕಲನ್ನು ಬೇರೆ ಡಿಸ್ಕಿನಲ್ಲಿ ಇಡಿ. ಲಿನಕ್ಸ್‌ಗೆ ಬೇಕಾದ ಪಾಲುಗಳನ್ನಷ್ಟೇ ಒಪ್ಪಿಸಿ. ಹೈಬರ್ನೇಟ್ ಮಾಡಿಟ್ಟ ಲಿನಕ್ಸನ್ನು ಹುಸಿ ಯಂತ್ರದಲ್ಲಿ ಎಬ್ಬಿಸಬೇಡಿ.

ಕೇವಲ ಕಲಿಕೆಗಾದರೆ ಕಡತರೂಪದ ಡಿಸ್ಕೇ ಉತ್ತಮ. ಕೆಟ್ಟರೆ ಅಳಿಸಿ ಹೊಸದನ್ನು ಮಾಡಿಕೊಳ್ಳಬಹುದು. 2016ರಿಂದೀಚೆಗೆ ವಿಂಡೋಸ್ 10ರಲ್ಲಿಯೇ ಲಿನಕ್ಸ್ ಆದೇಶಗಳನ್ನು ನಡೆಸುವ ಸೌಲಭ್ಯವೂ ಬಂದಿದೆ. ಕಚೇರಿಯಲ್ಲಿ ಇವುಗಳಿಗೂ ಮೇಲಿನವರ ಅನುಮತಿ ಪಡೆಯಿರಿ.

ದುರಸ್ತಿಗೆ ಕೈಹಾಕುವ ಮುನ್ನ ಮೇನ್ ಸ್ವಿಚ್ಚಿಗೆ ಬೀಗ ಹಾಕುವ ಶಿಸ್ತನ್ನು ಕಾರ್ಖಾನೆಯ ಫಿಟ್ಟರುಗಳು ಬಲ್ಲರು. ಗಣಕದ ಮುಂದೆ ಕುಳಿತವರಿಗೂ ಅದೇ ಶಿಸ್ತು ಬೇಕು. ಎರಡು ನಿಮಿಷ ಉಳಿಸಲು ಹೋಗಿ ಇನ್ನೊಬ್ಬರ ಸಂಬಳದ ಲೆಕ್ಕವನ್ನು ಪಣಕ್ಕಿಡಬೇಡಿ.