ಕಿವಿ ಸೋರೋ ಮಗು ದಡ್ಡ ಅಲ್ಲ: ತಮಟೆ ಆಪರೇಷನ್ ತಪ್ಪೋದು ಎಲ್ಲಿ?

ಚನ್ನರಾಯಪಟ್ಟಣ: ‘ಮಗೂಗೆ ಕಿವಿ ಸೋರ್ತಿದೆ, ದೊಡ್ಡವನಾದ್ಮೇಲೆ ಸರಿ ಹೋಗುತ್ತೆ ಬಿಡಿ.’ ಜಿನನಾಥಪುರ, ಶ್ರವಣಬೆಳಗೊಳ ಕಡೆ ಈ ಮಾತು ಕೇಳದ ಮನೆ ಕಮ್ಮಿ. ಆದರೆ ಎಲ್ಲಾ ಕಿವಿಯೂ ತಾನಾಗೇ ಸರಿ ಹೋಗಲ್ಲ.

ಏಟು ಬಿದ್ದು ತೂತಾದ ತಮಟೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಮುಚ್ಚಿಕೊಳ್ಳುತ್ತೆ. ನೆಗಡಿ, ಸೋಂಕಿನಿಂದ ಪದೇ ಪದೇ ಸೋರುವ ಕಿವಿಯ ತೂತು ಹಾಗೇ ಉಳಿಯಬಹುದು. ಆಗ ಕೇಳಿಸೋದು ಮಂದವಾಗುತ್ತೆ. ಹಿಂದಿನ ಬೆಂಚಿನ ಮಗು ಪಾಠ ಕೇಳಿಸದೆ ‘ದಡ್ಡ’ ಅನ್ನಿಸಿಕೊಳ್ಳುತ್ತೆ. ಕೆಟ್ಟ ವಾಸನೆಯ ಕೀವು, ಕಿವಿ ಹಿಂದೆ ಊತ, ಜ್ವರ, ತಲೆಸುತ್ತು ಇದ್ದರಂತೂ ತಡ ಮಾಡಬಾರದು. ಸೋಂಕು ಮೂಳೆಗೆ, ಅಪರೂಪಕ್ಕೆ ಮೆದುಳಿಗೂ ಹರಡಬಹುದು.

ಆಪರೇಷನ್‌ನಲ್ಲಿ ಕಿವಿ ಮೇಲಿನ ಸ್ನಾಯುವಿನ ತೆಳು ಪೊರೆ ಅಥವಾ ಕಿವಿಯದ್ದೇ ಮೃದ್ವಸ್ಥಿ ತೆಗೆದು ತೂತಿಗೆ ತೇಪೆ ಹಾಕ್ತಾರೆ. ತೀರಾ ಚಿಕ್ಕ ಮಕ್ಕಳಿಗೆ ನೆಗಡಿ ಹೆಚ್ಚು, ತೇಪೆ ಹಿಡಿಯದೇ ಇರಬಹುದು ಅಂತ ಎಷ್ಟೋ ವೈದ್ಯರು ಏಳೆಂಟು ವರ್ಷದವರೆಗೆ ಕಾಯ್ತಾರೆ. ಕಾಯೋದು ಅಂದ್ರೆ ಕೈಬಿಡೋದಲ್ಲ. ಅಲ್ಲೀವರೆಗೂ ಕಿವಿಗೆ ನೀರು ಹೋಗದಂತೆ ನೋಡಬೇಕು, ಶ್ರವಣ ಪರೀಕ್ಷೆ ಮಾಡಿಸ್ತಾ ಇರಬೇಕು. ಬಿಸಿ ಎಣ್ಣೆ, ಬೆಳ್ಳುಳ್ಳಿ ರಸ ಬಿಡಲೇಬಾರದು.

ಹಾಗಾದ್ರೆ ತಪ್ಪೋದು ಎಲ್ಲಿ? ವ್ಯವಸ್ಥೆ ಇಲ್ಲ ಅನ್ನೋ ಹಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳನ್ನ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆ ಮಕ್ಕಳನ್ನ ಒಂದು ಸಲ ತಪಾಸಣೆ ಮಾಡಬೇಕು. ಕಿವಿ ಸೋರುವುದು, ಕಿವುಡುತನ ಎರಡೂ ಆ ಪಟ್ಟಿಯಲ್ಲಿವೆ. ಹಾಸನದಲ್ಲಿ ಹಿಮ್ಸ್ ಇದೆ, ಮೈಸೂರಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ರಕ್ಷಣೆ ಇದೆ.

ಕೊರತೆ ಇರೋದು ನಡುವಿನ ಹಾದಿಯಲ್ಲಿ. ಶಾಲೆಯಲ್ಲಿ ಚೀಟಿ ಬರೆದು ಕೊಟ್ಟ ಮೇಲೆ ಮಗುವನ್ನ ಹಾಸನಕ್ಕೆ ಕರೆದೊಯ್ಯೋರು ಯಾರು? ಕಿವಿ ಒಣಗಿಸೋಕೆ, ಶ್ರವಣ ಪರೀಕ್ಷೆಗೆ, ಆಪರೇಷನ್‌ಗೆ, ಆಮೇಲೆ ತೋರಿಸೋಕೆ ಅಂತ ನಾಲ್ಕೈದು ಸಲ ಓಡಾಟ. ಪ್ರತಿ ಸಲವೂ ಒಂದು ದಿನದ ಕೂಲಿ ಖೋತಾ. ಕೀವು ನಿಂತ ತಕ್ಷಣ ‘ವಾಸಿಯಾಯ್ತು’ ಅಂತ ಸುಮ್ಮನಾಗೋದು ಹೀಗೇ. ತೂತು ಮಾತ್ರ ಅಲ್ಲೇ ಇರುತ್ತೆ.

ಅದಕ್ಕೇ ಚೀಟಿ ಕೊಟ್ಟರೆ ಸಾಲದು, ಆ ಮಗು ಆಸ್ಪತ್ರೆ ತಲುಪಿತಾ ಅಂತ ಕೇಳೋರು ಬೇಕು. ಮೇಷ್ಟ್ರು, ಆಶಾ ಕಾರ್ಯಕರ್ತೆಯರು ಅದನ್ನ ವಿಚಾರಿಸಲಿ. ಅಂಗಡಿ ಮಾಲೀಕರು ಕೆಲಸದವರಿಗೆ ಆ ನಾಲ್ಕು ದಿನ ಸಂಬಳ ಹಿಡಿಯದೆ ರಜೆ ಕೊಡಲಿ. ಹೊರಡೋ ಮುಂಚೆ ರೇಷನ್ ಕಾರ್ಡ್, ಆಧಾರ್ ಇಟ್ಟುಕೊಳ್ಳಿ. ಯೋಜನೆಯಡಿ ಏನೇನು ಸಿಗುತ್ತೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನ ಕೇಳಿ. ಇವತ್ತು ರಾತ್ರಿ ನಿಮ್ಮ ಮಗುವನ್ನ ಹಿಂದಿನಿಂದ ಮೆಲ್ಲಗೆ ಕರೆದು ನೋಡಿ. ತಿರುಗದೇ ಇದ್ದರೆ ಬೈಬೇಡಿ, ಒಂದು ಸಲ ಕಿವಿ ತೋರಿಸಿ.