ಊರಿನ ಗಿಡಮರದ ಲೆಕ್ಕ ಊರಿನವರೇ ಬರೆಯಲಿ

ಹಾಸನ ಜಿಲ್ಲೆಯಲ್ಲಿ ಕಾಡುಪ್ರಾಣಿ ಅಂದ ಕೂಡಲೇ ಸಕಲೇಶಪುರ, ಆಲೂರು ಕಡೆಯ ಆನೆಯ ಮಾತು ಬರುತ್ತೆ. ಹೊಳೆನರಸೀಪುರ, ಚನ್ನರಾಯಪಟ್ಟಣ ಕಡೆಯ ನಾವು ಮಳೆ ನಂಬಿದ ಬಯಲುಸೀಮೆಯವರು. "ನಮ್ಮಲ್ಲಿ ಕಾಡೆಲ್ಲಿದೆ ಉಳಿಸೋಕೆ?" ಅಂತೀವಿ. ನನ್ನ ಪ್ರಕಾರ ಇದು ತಪ್ಪು. ಹೊಲದ ಬದು, ಗುಂಡುತೋಪು, ಗೋಮಾಳ, ಕೆರೆ ಏರಿ, ದೇವರ ಬನ ಇವೇ ನಮ್ಮ ಕಾಡು. ಚದುರಿಕೊಂಡಿರೋದರಿಂದ ಕಣ್ಣಿಗೆ ಬೀಳೋದಿಲ್ಲ ಅಷ್ಟೇ.

ಹೋದ ವರ್ಷ ಖಾತೆ ಕೆಲಸಕ್ಕೆ ಪಂಚಾಯತಿಗೆ ಹೋಗಿದ್ದೆ. ಅಲ್ಲಿ 'ಜನತಾ ಜೀವವೈವಿಧ್ಯ ದಾಖಲಾತಿ' ಅನ್ನೋ ಪುಸ್ತಕ ಇತ್ತು. ತೆಗೆದು ನೋಡಿದೆ. ನಮ್ಮ ತೋಪಿನ ನಾಲ್ಕು ಹಿಪ್ಪೆ ಮರ ಅದರಲ್ಲಿಲ್ಲ. ಗೌಜಲಕ್ಕಿ ಇಲ್ಲ, ಉಡ ಇಲ್ಲ. ರಾಗಿ ಅಂತ ಒಂದೇ ಸಾಲು. ನಮ್ಮಪ್ಪ ಬಿತ್ತುತ್ತಿದ್ದ ಕರಿಕಡ್ಡಿ, ಹಸಿರುಕಡ್ಡಿ ರಾಗಿಯ ಸುದ್ದಿಯೇ ಇಲ್ಲ. ನಮ್ಮ ಕಡೆ ಯಾರೂ ಕಾಣದ ಮಲೆನಾಡಿನ ಮರಗಳ ಹೆಸರು ಮಾತ್ರ ಸಾಲಾಗಿ ಇದ್ದವು. ಊರಲ್ಲಿ ವಿಚಾರಿಸಿದರೆ, ನಮ್ಮನ್ನ ಯಾರೂ ಕೇಳಲೇ ಇಲ್ವಲ್ಲ ಅಂದರು.

2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರನ್ನು ಕೇಳಿಯೇ ಅದು ಈ ದಾಖಲಾತಿ ಮಾಡಬೇಕು. ಹೆಸರಲ್ಲೇ 'ಜನತಾ' ಅಂತ ಇದೆ.

ಪುಸ್ತಕದಲ್ಲಿ ಏನಿದ್ದರೇನು ಅಂತ ಕೇಳಬಹುದು. ನಾಳೆ ತೋಪನ್ನೋ ಗೋಮಾಳವನ್ನೋ ಸೈಟು ಮಾಡೋಕೆ ಹೊರಟರೆ, "ಇಲ್ಲಿ ಬರೀ ಜಾಲಿ, ತಂಗಡಿ ಇದೆ, ಬಂಜರು" ಅಂತಾರೆ. ಆಗ ನಾವು ಏನು ತೋರಿಸೋಣ? ಕುರಿ ಮೇಯೋದು, ಮೊಲ ಮರಿ ಹಾಕೋದು, ಹೊಂಗೆ ಹೂವಿಗೆ ಜೇನು ಬರೋದು ಬರವಣಿಗೆಯಲ್ಲಿ ಇರಬೇಕು.

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ಬಯಲುಸೀಮೆಯ ಗೋಮಾಳಗಳಿಗೆ ನೀಲಗಿರಿ ಬಂತು. 1983ರಲ್ಲೇ ತುಮಕೂರು ಜಿಲ್ಲೆಯ ರೈತರು ನೀಲಗಿರಿ ಸಸಿ ಕಿತ್ತು ಹುಣಸೆ, ಮಾವಿನ ಬೀಜ ಹಾಕಿದ್ದರು. ಸರ್ಕಾರ ನೀಲಗಿರಿ ನೆಡೋದನ್ನು ನಿಷೇಧಿಸಿದ್ದು 2017ರಲ್ಲಿ. ರೈತನಿಗೆ ಗೊತ್ತಿದ್ದು ಕಾಗದಕ್ಕೆ ಬರೋಕೆ 34 ವರ್ಷ ಹಿಡಿಯಿತು.

ನಾನೂ ತಪ್ಪು ಮಾಡಿದವನೇ. ನೆರಳಿಗೆ ಬೆಳೆ ಏಳಲ್ಲ ಅಂತ ಬದುವಿನ ಹನ್ನೊಂದು ಹೊಂಗೆ ಕಡಿಸಿ ಸೌದೆಗೆ ಮಾರಿದೆ. ಒಂದು ಎಕರೆಗೆ ನೀಲಗಿರಿ ಹಾಕಿದೆ. ಗೊಬ್ಬರಕ್ಕೆ ಸೊಪ್ಪು ಹೋಯ್ತು, ಗೂಬೆ ಕೂರೋ ಪೊಟರೆ ಹೋಯ್ತು, ರಾಗಿ ಬಣವೆಗೆ ಇಲಿ ಕಾಟ ಹೆಚ್ಚಾಯ್ತು. ನೀಲಗಿರಿ ಬೇರು ಕೀಳಿಸೋಕೆ ಮರ ಮಾರಿದ ದುಡ್ಡಿನಲ್ಲಿ ಅರ್ಧ ಕೊಟ್ಟೆ. ಈಗ ಹೊಂಗೆ ಮತ್ತೆ ನೆಟ್ಟಿದ್ದೀನಿ, ನೆರಳು ಬೀಳದ ಹಾಗೆ ಪ್ರತಿ ವರ್ಷ ಕೊಂಬೆ ಸವರಿ ಸೊಪ್ಪನ್ನು ಹೊಲಕ್ಕೆ ಹಾಕ್ತೀನಿ.

ಪ್ರಾಣಿಪಕ್ಷಿಯಿಂದ ಕಷ್ಟವೇ ಇಲ್ಲ ಅಂತಲ್ಲ. ಮುಸುಕಿನ ಜೋಳಕ್ಕೆ ಹಂದಿ ನುಗ್ಗುತ್ತೆ, ಬಿತ್ತಿದ ಕಾಳನ್ನು ನವಿಲು ಹೆಕ್ಕುತ್ತೆ. ಪೇಟೆಯವರಿಗೆ ನವಿಲು ಚೆಂದ, ನಮಗೆ ಕಾವಲಿನ ನಿದ್ದೆಗೇಡು. ಆ ನಷ್ಟವೂ ಅದೇ ಪುಸ್ತಕದಲ್ಲಿ ಇರಲಿ.

ಕಾಪಾಡೋದು ನಮಗೆ ಹೊಸದಲ್ಲ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ದೇವಸ್ಥಾನದ ಹತ್ತಿರ ಕಾವೇರಿಯ ಮೀನು ಹಿಡಿಯೋ ಹಾಗಿಲ್ಲ. ದೇವರ ಮೀನು ಅನ್ನೋ ಒಂದು ಮಾತೇ ಅಲ್ಲಿ ಬೇಲಿ. ಅಂಥ ಮಾತು ನಮ್ಮ ತೋಪಿಗೂ ಒಂದು ಕಾಲಕ್ಕೆ ಇತ್ತು.

ನನ್ನ ಸಲಹೆ ಇಷ್ಟು. ಮುಂದಿನ ಗ್ರಾಮಸಭೆಯಲ್ಲಿ ಆ ಪುಸ್ತಕ ತರಿಸಿ, ಗಟ್ಟಿಯಾಗಿ ಓದಿಸಿ. ಅಣ್ಣೆ, ಗಣಿಕೆ, ಕಿರಕಸಾಲೆಯಂಥ ಸೊಪ್ಪಿನ ಲೆಕ್ಕ ಅಜ್ಜಿಯರನ್ನು ಕೇಳಿ. ನರಿ, ಮೊಲ ಎಲ್ಲಿವೆ ಅಂತ ಕುರಿ ಕಾಯೋರನ್ನು ಕೇಳಿ. ಬರೆಯೋಕೆ ಶಾಲೆ ಮಕ್ಕಳಿದ್ದಾರೆ. ಬಿಟ್ಟುಹೋದದ್ದನ್ನು ಸೇರಿಸಿ ಅಂತ ಸಮಿತಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ನಾನು ಓದಿದ್ದು ಏಳನೇ ಕ್ಲಾಸು. ಮೊಮ್ಮಗಳ ಹಳೇ ನೋಟುಬುಕ್ಕಿನಲ್ಲಿ ನಮ್ಮ ಬದು ಮತ್ತು ತೋಪಿನ ಗಿಡ, ಮರ, ಹಕ್ಕಿಗಳ ಹೆಸರು ಬರೀತಾ ಇದ್ದೀನಿ. ಇವತ್ತಿಗೆ ಅರವತ್ತೆರಡಾಗಿದೆ. ಮೊದಲ ಹೆಸರು ಹಿಪ್ಪೆ.