ಈಸೂರು ಮತ್ತು ‘ಭಯೋತ್ಪಾದನೆ’ ಎಂಬ ಪದ

ನಮ್ಮ ಹಾಸನ ಸೀಮೆಯ ಬಲಂ ಪಾಳೆಯಗಾರ ವೆಂಕಟಾದ್ರಿ ನಾಯಕನನ್ನು 1802ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೇನೆ ಹಿಡಿದು ಗಲ್ಲಿಗೇರಿಸಿತು. ಗೆದ್ದವರ ಕಾಗದಪತ್ರಗಳಲ್ಲಿ ಅವನು ಕೇವಲ ದಂಗೆಕೋರ. ಗೆದ್ದವನು ಇಟ್ಟ ಹೆಸರು ಗೆದ್ದವನ ನಿಲುವಿಗೆ ಸಾಕ್ಷಿಯೇ ಹೊರತು ಸೋತವನ ಕೃತ್ಯದ ಸ್ವರೂಪಕ್ಕಲ್ಲ. ಆಡಳಿತದ ದಾಖಲೆಗಳನ್ನು ಓದುವ ಸಂಶೋಧಕರಿಗೆ ಇದು ಮೊದಲ ಪಾಠವಾಗಬೇಕು.

ಇದೇ ಪ್ರಶ್ನೆಯನ್ನು ಇನ್ನಷ್ಟು ತೀವ್ರವಾಗಿ ಎತ್ತುವುದು ಶಿಕಾರಿಪುರ ತಾಲ್ಲೂಕಿನ ಈಸೂರು. 1942ರ ಸೆಪ್ಟೆಂಬರಿನಲ್ಲಿ ಆ ಊರು ತನ್ನನ್ನು ಸ್ವತಂತ್ರವೆಂದು ಸಾರಿಕೊಂಡು, ಬಾಲಕರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಊರಿಗೆ ಬಂದ ಅಧಿಕಾರಿಗಳು ಗಾಂಧಿ ಟೋಪಿ ಧರಿಸಬೇಕೆಂದು ಜನ ಪಟ್ಟುಹಿಡಿದರು. ಆಗ ನಡೆದ ಘರ್ಷಣೆಯಲ್ಲಿ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್‌ಇನ್‌ಸ್ಪೆಕ್ಟರ್ ಕೆಂಚೇಗೌಡ ಹತರಾದರು. 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು.

ಸರ್ಕಾರಿ ಅಧಿಕಾರಿಗಳನ್ನು ಕೊಂದದ್ದು ಭಯೋತ್ಪಾದನೆಯಲ್ಲವೆ ಎಂದು ಕೇಳುವವರುಂಟು. ಅಲ್ಲ ಎಂಬುದೇ ನನ್ನ ಉತ್ತರ. ಸಂಬಂಧವಿಲ್ಲದ ಜನರನ್ನು ಉದ್ದೇಶಪೂರ್ವಕವಾಗಿ ಕೊಂದು, ಆ ಭೀತಿಯಿಂದ ಇಡೀ ಸಮಾಜವನ್ನು ಮಣಿಸುವುದು ಭಯೋತ್ಪಾದನೆಯ ಲಕ್ಷಣ. ಈಸೂರಿನವರು ಸಂತೆಯ ಮೇಲೆ ಎರಗಲಿಲ್ಲ, ಗುಟ್ಟಾಗಿ ಹೊಂಚುಹಾಕಲಿಲ್ಲ. ಹಾಡಹಗಲೇ ಪ್ರಭುತ್ವದ ಎದುರು ನಿಂತಿದ್ದ ಊರದು. ಅಲ್ಲಿ ಕೊಲೆ ನಡೆಯಿತು, ನಿಜ. ಆದರೆ ಎಲ್ಲ ಕೊಲೆಯೂ ಭಯೋತ್ಪಾದನೆಯಾಗುವುದಾದರೆ ಆ ಪದಕ್ಕೆ ಅರ್ಥವೇ ಉಳಿಯದು.

ಪದದ ಅರ್ಥವೂ ನಿಂತ ನೀರಲ್ಲ. 1930ರ ‘ಫಿಲಾಸಫಿ ಆಫ್ ದಿ ಬಾಂಬ್’ ಎಂಬ ಕರಪತ್ರದಲ್ಲಿ ಕ್ರಾಂತಿಕಾರಿಗಳು ಅದಕ್ಕೆ ಸಮನಾದ ಇಂಗ್ಲಿಷ್ ಪದವನ್ನು ಅಳುಕಿಲ್ಲದೆ ಸಮರ್ಥಿಸಿಕೊಂಡಿದ್ದರು. ಬಿಪನ್ ಚಂದ್ರ ಅವರ ಇತಿಹಾಸ ಗ್ರಂಥ ಭಗತ್ ಸಿಂಗರಿಗೆ ಅದನ್ನೇ ಬಳಸಿದ್ದು 2016ರಲ್ಲಿ ವಿವಾದವಾಯಿತು. ಬದಲಾದುದು ಭಗತ್ ಸಿಂಗರಲ್ಲ, ಪದ. ಅಂದಿನ ಕೃತ್ಯಕ್ಕೆ ಇಂದಿನ ಅರ್ಥವನ್ನು ತೊಡಿಸುವುದು ಇತಿಹಾಸವಲ್ಲ.

ಹಾಗೆಂದು, ಕೇವಲ ಜಯಘೋಷ ಮಾಡುವವರೊಡನೆಯೂ ನಾನಿಲ್ಲ. ಹುತಾತ್ಮರೆಂಬ ಮಾತಿನ ಮರೆಯಲ್ಲಿ ಆ ಇಬ್ಬರು ಅಧಿಕಾರಿಗಳ ಸಾವನ್ನು ಅಳಿಸುವುದೂ ಸುಳ್ಳೇ. ಅವರೂ ಇದೇ ನೆಲದ ಮಕ್ಕಳು. ಈಸೂರಿನ ಕಥೆ ಬರೆಯುವವರು ಏಳು ಹೆಸರುಗಳನ್ನೂ ಬರೆಯಲಿ. ಒಂದು ಪದ ಅಂಟಿಸಿ ವಿಚಾರಣೆ ಮುಗಿಸುವ ಕೆಲಸ ನ್ಯಾಯಾಲಯದ್ದಿರಬಹುದು, ಇತಿಹಾಸಕಾರನದಲ್ಲ.